ಮದ್ದು ಬಿಟ್ಟರೂ ತಿಗಣೆ ಮರಳುವುದೇಕೆ? ದೋಷ ಹುಡುಕುವ ಕ್ರಮ, ಕಾಸರಗೋಡಿನ ಮನೆಗಳಿಗೆ

ಮದ್ದು ಬಿಟ್ಟ ಮೇಲೆ ಎರಡು ವಾರ ನೆಮ್ಮದಿ, ಮೂರನೆಯ ವಾರ ಮತ್ತೆ ತುರಿಕೆ. ಈ ದೂರು ಹೇಳುವವರು ಸಾಮಾನ್ಯವಾಗಿ ಮದ್ದನ್ನೇ ಬೈದು, ಅದಕ್ಕಿಂತ ಜೋರಿನ ಇನ್ನೊಂದನ್ನು ಹುಡುಕಿಕೊಂಡು ಅಂಗಡಿಗೆ ಹೋಗುತ್ತಾರೆ. ತಪ್ಪು ನಡೆದಿರುವುದು ಹೆಚ್ಚಾಗಿ ಬೇರೆ ಕಡೆ: ಮೊಟ್ಟೆ ಉಳಿದಿರುತ್ತದೆ, ಇಲ್ಲವೆ ಯಾವುದೋ ಒಂದು ಸಂದು ಕಣ್ತಪ್ಪಿರುತ್ತದೆ. ಇವೆರಡನ್ನೂ ಬಗೆಹರಿಸದೆ ಎಷ್ಟು ಬಾಟಲಿ ಖಾಲಿ ಮಾಡಿದರೂ ಮನೆಯವರ ಮೈಗೆ ವಿಷ ತಾಗುತ್ತದೆಯೇ ಹೊರತು ತಿಗಣೆ ಹೋಗುವುದಿಲ್ಲ. ಹಾಗಾಗಿ ಇಲ್ಲಿ ಮದ್ದಿನ ಮಾತು ಕೊನೆಗೆ ಬರುತ್ತದೆ. ಮೊದಲು ಹುಡುಕಾಟ, ಆಮೇಲೆ ಬಿಸಿ.

ಇದು ತಿಗಣೆಯೇ?

ಮೈಮೇಲಿನ ಗುಳ್ಳೆ ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರು ನಾಲ್ಕು ಗುಳ್ಳೆಗಳು ಸಾಲಾಗಿ ಎದ್ದಿದ್ದರೆ ಸಂಶಯ ಬರುವುದು ಸರಿ, ಆದರೆ ಅದೇ ಸಾಕ್ಷಿಯಲ್ಲ. ಒಂದೇ ಮಂಚದಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದು ಎದ್ದು, ಇನ್ನೊಬ್ಬರಿಗೆ ಏನೂ ಆಗದಿರುವುದುಂಟು. ಮೊದಲ ಸಲ ಕಚ್ಚಿಸಿಕೊಂಡವರಿಗೆ ಗುಳ್ಳೆ ಏಳಲು ಕೆಲವು ದಿನ, ಕೆಲವೊಮ್ಮೆ ಎರಡು ವಾರವೇ ಹಿಡಿಯಬಹುದು. ಆದ್ದರಿಂದ ನಿನ್ನೆ ಮಲಗಿದ ಲಾಡ್ಜಿನಿಂದಲೇ ಬಂತು ಎನ್ನುವ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ.

ನಮ್ಮ ಕಡೆ ತಿಗಣೆಯೆಂದು ತಪ್ಪು ತಿಳಿಯುವ ಸಂಗತಿಗಳು ಮುಖ್ಯವಾಗಿ ನಾಲ್ಕು. ಪಾದ ಮತ್ತು ಹರಡಿನ ಸುತ್ತ ಮಾತ್ರ ಕಚ್ಚಿದ್ದರೆ, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಅದು ಚಿಗಟ. ಚಿಗಟ ಹಾರುತ್ತದೆ, ತಿಗಣೆ ನಡೆಯುತ್ತದೆ ಅಷ್ಟೆ. ಬೆರಳ ಸಂದು, ಮಣಿಕಟ್ಟು, ಸೊಂಟದ ಸುತ್ತ ರಾತ್ರಿ ತುರಿಸಿ, ಮನೆಯ ಎಲ್ಲರಿಗೂ ಹರಡುತ್ತಿದ್ದರೆ ಅದು ಕಜ್ಜಿ. ಅದಕ್ಕೆ ಚರ್ಮದ ವೈದ್ಯರ ಬಳಿ ಎಲ್ಲರೂ ಒಟ್ಟಿಗೆ ಮದ್ದು ಪಡೆಯಬೇಕು, ಮಂಚ ತೊಳೆದು ಫಲವಿಲ್ಲ. ರಬ್ಬರ್ ತೋಟದ ಪಕ್ಕದ ಮನೆಗಳಲ್ಲಿ ಬೇಸಿಗೆಯ ಮೊದಲ ಮಳೆಗೆ ಗೋಡೆ ತುಂಬ ಏರುವ ಕಪ್ಪು ಹುಳು ಮಲಯಾಳದಲ್ಲಿ ಮುಪ್ಲಿ ವಂಡು ಎಂದು ಕರೆಸಿಕೊಳ್ಳುವಂಥದ್ದು. ಅದು ರಕ್ತ ಹೀರುವುದಿಲ್ಲ, ಮೈಗೆ ಒತ್ತಿದಾಗ ಅದರ ರಸ ತಾಗಿ ಚರ್ಮ ಸುಟ್ಟಂತಾಗುತ್ತದೆ. ನಾಲ್ಕನೆಯದು ಹಂಚಿನ ಮಾಡಿನ ಬಾವಲಿಗಳ ರಕ್ತ ಹೀರಿ ಬದುಕುವ, ತಿಗಣೆಯ ದಾಯಾದಿಯಂಥ ಕೀಟ. ನೋಟಕ್ಕೆ ಎರಡೂ ಒಂದೇ. ಮಂಚದಲ್ಲಿ ಏನೂ ಸಿಗದೆ ಅಟ್ಟದ ಕೆಳಗೆ ಮಾತ್ರ ಕೀಟ ಸಿಗುತ್ತಿದ್ದರೆ ಮಾಡಿನತ್ತ ನೋಡಿ.

ತಿಗಣೆಯೇ ಹೌದೆನ್ನಲು ಈ ಮೂರರಲ್ಲಿ ಒಂದಾದರೂ ಕಣ್ಣಿಗೆ ಬೀಳಬೇಕು. ಒಂದು, ಜೀವಂತ ಕೀಟ. ದೊಡ್ಡದು 5ರಿಂದ 7 ಮಿ.ಮೀ., ಚಪ್ಪಟೆ, ಕಂದು ಬಣ್ಣ. ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಗಾಗುತ್ತದೆ. ಮರಿ ಹುಲ್ಲು ಬಣ್ಣದ್ದು, ಹಸಿದಿದ್ದಾಗ ಹತ್ತಿಯ ಬಟ್ಟೆಯ ಮೇಲೆ ಕಾಣುವುದೇ ಕಷ್ಟ. ಎರಡು, ಹಿಕ್ಕೆಯ ಕಲೆ. ಶಾಯಿ ಚುಕ್ಕಿ ಇಟ್ಟಂತೆ ಕರಿ ಬೊಟ್ಟುಗಳು ಹಾಸಿಗೆಯ ಅಂಚಿನಲ್ಲಿ ಗುಂಪಾಗಿರುತ್ತವೆ. ಒದ್ದೆ ಹತ್ತಿಯಲ್ಲಿ ಉಜ್ಜಿದರೆ ಕಂದು ಕೆಂಪಾಗಿ ಹರಡಿತೇ, ಅದು ಜೀರ್ಣವಾದ ರಕ್ತ. ಹಲ್ಲಿ ಜಿರಳೆಯ ಹಿಕ್ಕೆ ಹಾಗೆ ಹರಡುವುದಿಲ್ಲ. ಮೂರು, ಪೊರೆ ಮತ್ತು ಮೊಟ್ಟೆ. ಪೊರೆ ತಿಗಣೆಯದೇ ಆಕಾರದ ಖಾಲಿ ಸಿಪ್ಪೆ. ಮೊಟ್ಟೆ 1 ಮಿ.ಮೀ. ಉದ್ದದ ಬಿಳಿ ಕಾಳು, ಮರಕ್ಕೆ ಅಂಟಿಕೊಂಡಿರುತ್ತದೆ. ಸಿಕ್ಕ ಕೀಟವನ್ನು ಪಾರದರ್ಶಕ ಟೇಪಿಗೆ ಅಂಟಿಸಿ, ಬಿಳಿ ಕಾಗದದ ಮೇಲಿಟ್ಟು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ ಸಂಶಯ ಉಳಿಯುವುದಿಲ್ಲ.

ಹುಡುಕುವ ಹೊತ್ತು ಬೆಳಗಿನ ಜಾವ, ಮೂರರಿಂದ ಐದು ಗಂಟೆಯೊಳಗೆ. ದೀಪ ಹಾಕದೆ ಟಾರ್ಚು ಹಿಡಿದು ಹಾಸಿಗೆಯ ಮೂಲೆ ಎತ್ತಿ.

ಎಲ್ಲಿ ಕೂತಿದೆ?

ಹಳೆಯ ಎಟಿಎಂ ಕಾರ್ಡು ತೂರುವ ಸಂದಿಗೆ ತಿಗಣೆಯೂ ತೂರುತ್ತದೆ. ಹುಡುಕಲೂ ಆ ಕಾರ್ಡೇ ಒಳ್ಳೆಯ ಸಾಧನ. ಸಂದಿನಲ್ಲಿ ಕಾರ್ಡು ಎಳೆದು, ಅದರ ತುದಿಗೆ ಏನು ಬಂತು ನೋಡಿ. ರಕ್ತ ಸಿಗುವ ಜಾಗದಿಂದ ದೂರ ಹೋಗುವುದು ತಿಗಣೆಗೆ ಇಷ್ಟವಿಲ್ಲ, ಹೆಚ್ಚಿನವು ದಿಂಬಿನಿಂದ ಒಂದೂವರೆ ಎರಡು ಮೀಟರಿನೊಳಗೇ ಇರುತ್ತವೆ. ಹಾಸಿಗೆಯ ಅಂಚಿನ ಪಟ್ಟಿ ಮತ್ತು ಹೊಲಿಗೆ, ಮಂಚದ ತಲೆಹಲಗೆಯ ಹಿಂಬದಿ, ಅಡ್ಡಪಟ್ಟಿ ಕೂರುವ ತೋಡು, ಬೋಲ್ಟಿನ ತೂತು, ಇವು ಮೊದಲು. ಬೆತ್ತದ ಕುರ್ಚಿ, ಪ್ಲಾಸ್ಟಿಕ್ ಹೆಣಿಗೆಯ ಮಂಚ, ಸುತ್ತಿಟ್ಟ ಚಾಪೆ ಆಮೇಲೆ. ಕುರ್ಚಿಯಲ್ಲಿ ಕೂತೇ ಮಧ್ಯಾಹ್ನ ಕಣ್ಣು ಮುಚ್ಚುವ ಹಿರಿಯರಿದ್ದರೆ ಆ ಕುರ್ಚಿ ಮಂಚದಷ್ಟೇ ಮುಖ್ಯ.

ಹೊಸಬರು ನೋಡದೆ ಬಿಡುವ ಜಾಗಗಳು ಬೇರೆ. ಗೋಡೆಯ ಫೋಟೋ ಮತ್ತು ಕ್ಯಾಲೆಂಡರಿನ ಹಿಂಬದಿ. ಸ್ವಿಚ್ ಬೋರ್ಡಿನ ಒಳಗೆ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆಯ ಸಣ್ಣ ಗುಳಿಗಳು. ಹಲಗೆಯ ಮುಚ್ಚಿಗೆಯ ಸಂದು. ಸೊಳ್ಳೆಪರದೆಯ ಮಡಿಕೆ, ಅದಕ್ಕಿಂತ ಮುಖ್ಯವಾಗಿ ಪರದೆ ಕಟ್ಟಿದ ದಾರ ಮತ್ತು ಗೋಡೆಯ ಮೊಳೆ. ಮಂಚವನ್ನು ಗೋಡೆಯಿಂದ ಎಷ್ಟು ದೂರ ಸರಿಸಿದರೂ ಆ ನಾಲ್ಕು ದಾರಗಳು ತಿಗಣೆಗೆ ಸೇತುವೆಯಾಗಿ ಉಳಿಯುತ್ತವೆ. ಮನೆಗೆ ತಾಗಿ ಕೋಳಿಗೂಡು ಇದ್ದರೆ ಅದರ ಹಲಗೆಗಳನ್ನೂ ನೋಡಿ, ಕೋಳಿಯ ರಕ್ತವೂ ತಿಗಣೆಗೆ ಆಗುತ್ತದೆ.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶಗಳ ತಿಗಣೆಯನ್ನು ನೋಡಿ ಬರೆದವು. ನಮ್ಮ ಕರಾವಳಿಯಂಥ ಬಿಸಿ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ಉಷ್ಣವಲಯದ ಜಾತಿ, ಸೈಮೆಕ್ಸ್ ಹೆಮಿಪ್ಟೆರಸ್. ಮಂಚದ ಕಾಲ ಕೆಳಗೆ ನುಣುಪು ಪ್ಲಾಸ್ಟಿಕ್ ಬಟ್ಟಲಿಟ್ಟರೆ ಚಳಿ ದೇಶದ ತಿಗಣೆ ಅದರಲ್ಲಿ ಬಿದ್ದು ಏರಲಾರದೆ ಉಳಿಯುತ್ತದೆ. ನಮ್ಮದರ ಕಾಲಿನ ರೋಮ ದಟ್ಟವಾಗಿರುವುದರಿಂದ ಅದು ನುಣುಪು ಗೋಡೆಯನ್ನೂ ಏರಬಲ್ಲದು. ಬಟ್ಟಲು ಖಾಲಿ ಇದೆ, ಮನೆಯಲ್ಲಿ ತಿಗಣೆ ಇಲ್ಲ ಎಂದು ನಂಬಿ ಕೂರುವುದು ಇಲ್ಲಿನ ಒಂದು ದೊಡ್ಡ ಮೋಸ. ಬಟ್ಟಲಿನ ಒಳಗೋಡೆಗೆ ಟಾಲ್ಕಂ ಪೌಡರ್ ತೆಳುವಾಗಿ ಸವರಿದರೆ ಅಥವಾ ಸಾಬೂನು ಬೆರೆಸಿದ ನೀರು ಎರಡು ಬೆರಳು ಎತ್ತರ ತುಂಬಿಸಿದರೆ ಪ್ರಯೋಜನವಿದೆ. ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲವಾದರೆ ಡೆಂಗೆಯ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತಾಗುತ್ತದೆ.

ಮೊದಲ ದಿನದ ಕೆಲಸ

ಕಚ್ಚುತ್ತದೆಂದು ಬೇರೆ ಕೋಣೆಗೆ ಹೋಗಿ ಮಲಗಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಹಸಿದ ತಿಗಣೆ ಉಸಿರಿನ ಗಾಳಿ ಮತ್ತು ಮೈಬಿಸಿಯ ಜಾಡು ಹಿಡಿದು ಹೊರಡುತ್ತದೆ, ದಿಂಬು ಹೊದಿಕೆಯ ಜೊತೆಯಲ್ಲೂ ಸಾಗುತ್ತದೆ. ಒಂದು ಕೋಣೆಯ ತೊಂದರೆ ವಾರದೊಳಗೆ ಎರಡು ಕೋಣೆಗೆ ಹಬ್ಬುತ್ತದೆ. ಕೆಲಸ ಮುಗಿಯುವವರೆಗೆ ಅದೇ ಮಂಚ, ಅದೇ ಜಾಗ.

ಬಟ್ಟೆಯಿಂದ ಶುರುಮಾಡಿ. ಕೋಣೆಯೊಳಗೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಆಮೇಲೆ ಹೊರಗೆ ಒಯ್ಯಿರಿ. ತೋಳಲ್ಲಿ ಅಪ್ಪಿಕೊಂಡು ಹೋದರೆ ದಾರಿಯುದ್ದ ಉದುರಿಸಿದಂತೆ. ತಣ್ಣೀರಿನ ತೊಳೆತದಿಂದ ತಿಗಣೆ ಸಾಯುವುದಿಲ್ಲ. ವಾಷಿಂಗ್ ಮೆಷಿನ್ನಿನಲ್ಲಿ 60 ಡಿಗ್ರಿಯ ಆಯ್ಕೆ ಇದ್ದರೆ ಅದನ್ನೇ ಬಳಸಿ. ಇಲ್ಲದವರ ಮನೆಯಲ್ಲಿ ಬಚ್ಚಲ ಹಂಡೆ ಇದ್ದೇ ಇರುತ್ತದೆ: ಹತ್ತಿಯ ಬಟ್ಟೆಗಳನ್ನು ಕುದಿಯುತ್ತಿರುವ ನೀರಿಗೆ ಪೂರ್ತಿ ಮುಳುಗಿಸಿ ಅರ್ಧ ಗಂಟೆ ಬಿಡಿ. ರೇಷ್ಮೆ ಸೀರೆ, ಪುಸ್ತಕ, ಮಕ್ಕಳ ಆಟಿಕೆಗಳನ್ನು ಗಾಳಿಯಾಡದ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಬಹುದು. ಒಳಗಿನ ತಂಪು ಮೈನಸ್ 18 ಡಿಗ್ರಿಗೆ ಇಳಿದಿರಬೇಕು, ಪೂರ್ತಿ ನಾಲ್ಕು ದಿನ ಇರಬೇಕು. ಒಂದು ರಾತ್ರಿ ಇಟ್ಟು ತೆಗೆಯುವುದು ವ್ಯರ್ಥ.

ಬಿಸಿಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕಿಯೇ ಹಾಕುತ್ತಾರೆ, ಹೆಚ್ಚಿನವರಿಗೆ ಫಲ ಸಿಗುವುದಿಲ್ಲ. ತೆರೆದ ಬಿಸಿಲಿನಲ್ಲಿ ಹಾಸಿಗೆಯ ಮೇಲ್ಮೈ ಸುಡುತ್ತಿದ್ದರೂ ಅಡಿಭಾಗ ತಂಪಾಗಿರುತ್ತದೆ, ತಿಗಣೆ ಆ ಕಡೆಗೆ ಸರಿಯುತ್ತದೆ. ಸಾಯಬೇಕಾದರೆ ಅದಕ್ಕೆ ಸರಿಯಲು ಜಾಗವೇ ಇರಬಾರದು. ಮೊಟ್ಟೆಯ ಲೆಕ್ಕ ಹೀಗಿದೆ: 45 ಡಿಗ್ರಿಯಲ್ಲಿ ಸಾಯಲು ಏಳು ಗಂಟೆ ಬೇಕು, 48ರಲ್ಲಿ ಸುಮಾರು ಒಂದೂಕಾಲು ಗಂಟೆ, 55 ದಾಟಿದರೆ ಕೂಡಲೇ. ದೊಡ್ಡ ತಿಗಣೆ ಇದಕ್ಕಿಂತ ಬೇಗ ಸಾಯುವುದರಿಂದ ನಮ್ಮ ಗುರಿ ಮೊಟ್ಟೆ. ಅಡಿಕೆ ಒಣಗಿಸಲು ಅಂಗಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಮಾಡು ಕಟ್ಟಿದವರಿಗೆ ಈ ಬಿಸಿ ಕೈಗೆಟಕುವಲ್ಲೇ ಇದೆ. ಅದರೊಳಗೆ, ಬಟ್ಟೆ ಅಥವಾ ತೆಳು ಹಾಸಿಗೆಯನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಚು ಟೇಪಿನಿಂದ ಮುಚ್ಚಿ, ಜನವರಿಯಿಂದ ಏಪ್ರಿಲ್‌ವರೆಗಿನ ನಿಚ್ಚಳ ಬಿಸಿಲಿನ ದಿನ ಬೆಳಗ್ಗೆ ಹತ್ತಕ್ಕೆ ಇಡಿ. ತಂತಿಯ ತುದಿಯುಳ್ಳ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಗಂಟಿನ ನಟ್ಟನಡುವೆ ಹುದುಗಿಸಿ. ಅಲ್ಲಿ 50 ತೋರಿಸಿದ ಮೇಲೆ ಎರಡು ಗಂಟೆ ಎಣಿಸಿ. ಹೊರಗಿನ ಬಿಸಿಗೆ ಲೆಕ್ಕವಿಲ್ಲ, ನಡುವಿನದಕ್ಕೆ ಮಾತ್ರ. ಗಂಟು ದಪ್ಪವಾದಷ್ಟೂ ನಡು ಕಾಯುವುದಿಲ್ಲ, ಅದಕ್ಕೇ ಒಂದು ಗೇಣಿಗಿಂತ ದಪ್ಪ ಬೇಡ. ಬಾಯಿ ತೆರೆದ ಚೀಲವೂ ಮೋಡ ಕವಿದ ಮಧ್ಯಾಹ್ನವೂ ಈ ಕೆಲಸವನ್ನು ಕೆಡಿಸುತ್ತವೆ.

ಮಂಚವನ್ನು ಬಿಚ್ಚಲೇಬೇಕು. ಹಲಸು, ತೇಗದ ಹಳೆಯ ಮಂಚವಾದರೆ ಅಂಗಳಕ್ಕೆ ಒಯ್ದು, ಪ್ರತಿ ಸಂದಿಗೂ ಪ್ರತಿ ತೂತಿಗೂ ಕುದಿಯುವ ನೀರು ಹೊಯ್ಯಿರಿ. ಒಂದು ಸಂದಿಗೆ ಕಡಿಮೆಯೆಂದರೆ ಒಂದು ಲೀಟರು. ಲೋಟದಲ್ಲಿ ಸುರಿದರೆ ಮರ ತಾಗಿದೊಡನೆ ನೀರು ಆರಿ ಒಳಗಿನ ಮೊಟ್ಟೆಗೆ ಬಿಸಿ ತಲುಪುವುದಿಲ್ಲ. ಪ್ಲೈವುಡ್ ಮಂಚಕ್ಕೆ ನೀರು ಬೇಡ, ಉಬ್ಬಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಹಬೆಯ ಯಂತ್ರ ಒಳ್ಳೆಯದು: ಮೂತಿಯನ್ನು ಸಂದಿಗೆ ತಾಗಿಸಿ ಒಂದು ಅಡಿ ಉದ್ದಕ್ಕೆ 10ರಿಂದ 15 ಸೆಕೆಂಡ್ ಹಿಡಿಯಿರಿ, ಬೇಗ ಎಳೆದರೆ ತಿಗಣೆ ಹಬೆಯ ರಭಸಕ್ಕೆ ಚೆದುರಿಹೋಗುತ್ತದೆ, ಸಾಯುವುದಿಲ್ಲ. ಸ್ವಿಚ್ ಬೋರ್ಡಿನ ಹತ್ತಿರ ಹಬೆ ಖಂಡಿತ ಬೇಡ. ಕೂದಲು ಒಣಗಿಸುವ ಯಂತ್ರ ಸಂದಿನಿಂದ ತಿಗಣೆಯನ್ನು ಹೊರಡಿಸಲು ಸಾಕು, ಕೊಲ್ಲಲು ಅದನ್ನು ನಂಬಬೇಡಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕೊಳವೆಯ ಬಾಯಿಗೆ ಹಳೆಯ ತೆಳು ಕಾಲುಚೀಲ ಸಿಕ್ಕಿಸಿ ಎಳೆಯಿರಿ. ಸಿಕ್ಕಿದ್ದನ್ನು ಕಾಲುಚೀಲದ ಸಮೇತ ಗಂಟುಹಾಕಿ ಕುದಿನೀರಿಗೆ ಹಾಕಿ. ಅಂಟಿಕೊಂಡ ಮೊಟ್ಟೆ ಅದಕ್ಕೆ ಬರುವುದಿಲ್ಲ, ಅದನ್ನು ಗಟ್ಟಿ ಬ್ರಷ್ಷಿನಿಂದ ಕೆರೆಯಬೇಕು.

ದಪ್ಪ ನಾರಿನ ಹಾಸಿಗೆ, ಫೋಮಿನ ಹಾಸಿಗೆಯನ್ನು ಸುಟ್ಟುಹಾಕುವ ಅಗತ್ಯವಿಲ್ಲ. ಅಂಚು ಹೊಲಿಗೆಗೆ ಹಬೆ ಹಿಡಿದು, ಆರು ಕಡೆಯೂ ಮುಚ್ಚುವ ಜಿಪ್ಪಿನ ಗವಸು ತೊಡಿಸಿ, ಜಿಪ್ಪಿನ ತುದಿಗೆ ಟೇಪು ಹಚ್ಚಿ ಒಂದು ವರ್ಷ ತೆಗೆಯದಿರಿ. ನಮ್ಮ ಸೆಖೆಯಲ್ಲಿ ರಕ್ತವಿಲ್ಲದೆ ಅವು ಕೆಲವು ತಿಂಗಳಲ್ಲೇ ಸಾಯುತ್ತವೆ, ವರ್ಷದ ಅವಧಿ ಎಚ್ಚರಿಕೆಗೆ. ಬಳಿಕ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ತನ್ನಿ, ಹೊದಿಕೆ ನೆಲಕ್ಕೆ ತಾಗದಿರಲಿ. ಸೊಳ್ಳೆಪರದೆಯನ್ನು ಮೊಳೆಗೆ ಕಟ್ಟುವ ಬದಲು ಮಂಚಕ್ಕೇ ನಾಲ್ಕು ಕೋಲು ನಿಲ್ಲಿಸಿ ಕಟ್ಟಿ. ಈಗ ತಿಗಣೆಗೆ ಮಂಚ ಸೇರಲು ನಾಲ್ಕು ಕಾಲಿನ ದಾರಿ ಮಾತ್ರ ಉಳಿಯಿತು, ಅಲ್ಲಿ ಬಟ್ಟಲಿದೆ.

ಮದ್ದು: ಏನು ಬೇಡ, ಏನು ಸರಿ

ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. ಎಣ್ಮಕಜೆಯ ಪಡ್ರೆಯಂಥ ಊರುಗಳು ಅದಕ್ಕೆ ತೆತ್ತ ಬೆಲೆ ಗೊತ್ತಿರುವ ನಾವು ತೋಟದ ವಿಷವನ್ನು ಮಲಗುವ ಕೋಣೆಗೆ ತರಬಾರದು. ಆದರೂ ಬೆಳೆಗೆ ಬಿಡುವ ಕೀಟನಾಶಕದ ಉಳಿದ ಬಾಟಲಿಯನ್ನು ಹಾಸಿಗೆಗೆ ಚಿಮುಕಿಸುವುದು ಇನ್ನೂ ನಿಂತಿಲ್ಲ. ಅಡಿಕೆಗೆ ಬಿಡುವ ಬೋರ್ಡೋ ಮೈಲುತುತ್ತು ಸುಣ್ಣದ ಮಿಶ್ರಣ, ಕೊಳೆರೋಗದ ಶಿಲೀಂಧ್ರಕ್ಕೆ ಆಗುವಂಥದ್ದು; ತಿಗಣೆಗೆ ಅದು ಏನೂ ಮಾಡದು. ತೋಟದ ಸ್ಪ್ರೇ ಕ್ಯಾನನ್ನು ತೊಳೆದೂ ಮನೆಯೊಳಗೆ ಬಳಸಬೇಡಿ.

ಎಲ್ಲಕ್ಕಿಂತ ಅಪಾಯದ್ದು ಧಾನ್ಯಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಆ ಅನಿಲ ಬಾಗಿಲ ಸಂದಿನಲ್ಲಿ, ಹಲಗೆಯ ಮುಚ್ಚಿಗೆಯಲ್ಲಿ ನುಸುಳಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ, ಅದಕ್ಕೆ ಪ್ರತಿಮದ್ದಿಲ್ಲ. ನಮ್ಮ ಒದ್ದೆ ಗಾಳಿಯಲ್ಲಂತೂ ಗುಳಿಗೆ ಬೇಗನೆ ಕರಗುತ್ತದೆ. ಯಾರಾದರೂ ಇಟ್ಟದ್ದು ಗೊತ್ತಾದರೆ ಎಲ್ಲರೂ ಹೊರಗೆ ಬನ್ನಿ. ವಾಂತಿ, ಎದೆ ಬಿಗಿತ ಕಂಡರೆ ಕೂಡಲೇ ಆಸ್ಪತ್ರೆ. ಸೀಮೆಎಣ್ಣೆ, ಪೆಟ್ರೋಲು ಹಚ್ಚಿ ಮನೆಗೆ ಬೆಂಕಿ ಬೀಳಿಸಿಕೊಳ್ಳಬೇಡಿ. ಬೇವಿನ ಹೊಗೆ, ಲಕ್ಕಿ ಸೊಪ್ಪಿನ ಹೊಗೆ ವಿಷವಲ್ಲದಿದ್ದರೂ ಕೆಲಸ ಕೆಡಿಸುತ್ತದೆ, ಹೊಗೆಗೆ ತಿಗಣೆ ಇನ್ನೂ ಆಳದ ಸಂದಿಗೆ ಹೋಗುತ್ತದೆ.

ಕೊಳ್ಳುವುದಾದರೆ ಲೇಬಲಿನಲ್ಲಿ ಮನೆಯೊಳಗಿನ ಬಳಕೆಗೆ, ತಿಗಣೆಗೆ ಎಂದು ಬರೆದಿರಲಿ. ಡಬ್ಬದ ಮೇಲಿನ ಬಣ್ಣದ ಗುರುತನ್ನೂ ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ಹಳದಿ ಮನೆಯೊಳಗೆ ಬರಲೇಬಾರದು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಮದ್ದುಗಳಿಗೆ ತಿಗಣೆ ಎಷ್ಟೋ ಕಡೆ ಒಗ್ಗಿಹೋಗಿದೆ, ಮೊಟ್ಟೆಗೂ ಅವು ಚೆನ್ನಾಗಿ ತಾಗುವುದಿಲ್ಲ. ಆದ್ದರಿಂದ ಲೇಬಲ್ ಹೇಳಿದ ಅಳತೆಯಲ್ಲಿ, ಸಂದು ಬಿರುಕುಗಳಿಗೆ ಮಾತ್ರ ಬಿಡಿ; ದಿಂಬು, ಹೊದಿಕೆ, ಮಗುವಿನ ತೊಟ್ಟಿಲಿಗೆ ಬೇಡ. ಅಳತೆ ಮೀರಿಸಿದರೆ ಮದ್ದಿನ ಬಲ ಹೆಚ್ಚುವುದಿಲ್ಲ. ಬೆಕ್ಕಿಗೂ ಮೀನಿಗೂ ಈ ಮದ್ದು ಕೆಟ್ಟದ್ದು, ಒಣಗುವವರೆಗೆ ಬೆಕ್ಕು ಹೊರಗಿರಲಿ, ಮೀನಿನ ತೊಟ್ಟಿ ಮುಚ್ಚಿರಲಿ.

ಮತ್ತೆ ಕಂಡರೆ

ಯಾವಾಗ ಕಂಡಿತು ಎನ್ನುವುದೇ ದೋಷ ಎಲ್ಲಿದೆಯೆಂದು ಹೇಳುತ್ತದೆ. ಎರಡು ಮೂರು ದಿನದಲ್ಲೇ ದೊಡ್ಡ ತಿಗಣೆ ಕಂಡರೆ ಸಂದು ತಪ್ಪಿದೆ, ಅಥವಾ ಮದ್ದಿಗೆ ಅದು ಒಗ್ಗಿದೆ. ಮದ್ದು ತಾಗಿದ ಮೇಲೂ ಮರುದಿನ ಓಡಾಡುತ್ತಿದ್ದರೆ ಅದೇ ಮದ್ದನ್ನು ಮತ್ತೆ ಬಿಡುವುದು ದಂಡ, ಬಿಸಿಗೆ ತಿರುಗಿ. ಒಂದು ವಾರದಿಂದ ಎರಡು ವಾರದೊಳಗೆ ಹುಲ್ಲು ಬಣ್ಣದ ಸಣ್ಣ ಮರಿಗಳು ಮಾತ್ರ ಕಂಡರೆ ಮೊಟ್ಟೆ ಒಡೆದಿದೆ. ಇದು ಸೋಲಲ್ಲ, ನಿರೀಕ್ಷಿಸಿದ್ದೇ. ಮೊಟ್ಟೆ ಒಡೆಯಲು 6ರಿಂದ 10 ದಿನ. ಮರಿ ಐದು ಸಲ ಪೊರೆ ಕಳಚಿ ಬೆಳೆದು ಮೊಟ್ಟೆಯಿಡಲು ಒಂದು ತಿಂಗಳಾದರೂ ಬೇಕು. ಈ ಬಿಡುವಿನಲ್ಲಿ ಎರಡನೆಯ ಸುತ್ತು ನಡೆಯಬೇಕು. ಮೊದಲ ದಿನದಿಂದ 12ನೆಯ ದಿನ ಎಲ್ಲ ಕೆಲಸವನ್ನೂ ಮತ್ತೊಮ್ಮೆ ಮಾಡಿ, ಇನ್ನೆರಡು ವಾರ ಬಿಟ್ಟು ಮೂರನೆಯ ಸಲ. ಎರಡನೆಯ ಸುತ್ತನ್ನು ಕೈಬಿಟ್ಟವರೇ ಮೂರು ತಿಂಗಳ ಬಳಿಕ ಮೊದಲಿನಿಂದ ಶುರುಮಾಡುವವರು.

ಮೂರು ಸುತ್ತು ಸರಿಯಾಗಿ ಮುಗಿದ ಮೇಲೂ ಹಠಾತ್ತನೆ ದೊಡ್ಡವು ಕಾಣತೊಡಗಿದರೆ ಹೊರಗಿನಿಂದ ಬರುತ್ತಿವೆ. ಸಾಲುಮನೆಯ ಕ್ವಾರ್ಟರ್ಸಿನಲ್ಲಿದ್ದರೆ ಪಕ್ಕದ ಗೋಡೆಯೇ ಮೊದಲ ಸಂಶಯ. ಎರಡು ಮನೆಗೂ ಒಂದೇ ಗೋಡೆಯಾದಾಗ ವೈರಿನ ಕೊಳವೆಯಲ್ಲಿ ತಿಗಣೆ ದಾಟುತ್ತದೆ, ಮೆಯಿನ್ ಸ್ವಿಚ್ ಆರಿಸಿ ಬೋರ್ಡಿನ ಅಂಚಿನ ಬಿರುಕನ್ನು ಪುಟ್ಟಿಯಿಂದ ಮುಚ್ಚಿಸಿ. ನೆರೆಯವರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿ ಒಂದೇ ದಿನ ಕೆಲಸ ಹಿಡಿಯಬೇಕು. ತಿಗಣೆ ಗಲೀಜಿನಿಂದ ಹುಟ್ಟುವುದಲ್ಲ, ಗುಡಿಸಿ ಒರೆಸಿದ ಮನೆಗೂ ಬರುತ್ತದೆ, ನಾಚಿಕೆಪಟ್ಟು ಮುಚ್ಚಿಟ್ಟಷ್ಟು ದಿನ ಅದಕ್ಕೇ ಲಾಭ. ಹಾಸ್ಟೆಲಿನಿಂದ ವಾರಾಂತ್ಯಕ್ಕೆ ಮನೆಗೆ ಬರುವ ಮಕ್ಕಳ ಚೀಲ, ಅಗ್ಗಕ್ಕೆ ಸಿಕ್ಕ ಹಳೆಯ ಮಂಚ ಇತರ ದಾರಿಗಳು.

ತಿಗಣೆ ಕಚ್ಚಿ ರೋಗ ಹರಡಿದ್ದು ಕಂಡುಬಂದಿಲ್ಲ, ಆ ಭಯ ಬೇಡ. ತುರಿಸಿ ಕೀವು ತುಂಬಿದರೆ, ಮುಖ ಊದಿಕೊಂಡರೆ, ಉಸಿರಿಗೆ ತೊಂದರೆಯಾದರೆ ವೈದ್ಯರನ್ನು ಕಾಣಿ.

ಪ್ರಯಾಣದಲ್ಲಿ

ಲಾಡ್ಜಿನ ಕೋಣೆ ಹೊಕ್ಕೊಡನೆ ಚೀಲವನ್ನು ಹಾಸಿಗೆಯ ಮೇಲೆ ಇಡದೆ ಬಚ್ಚಲಿನ ಹೆಂಚಿನ ನೆಲದ ಮೇಲಿಡಿ. ಐದು ನಿಮಿಷದ ಕೆಲಸ: ಹಾಸು ಎತ್ತಿ ತಲೆಯ ಕಡೆಯ ಎರಡೂ ಮೂಲೆಯ ಹೊಲಿಗೆ ನೋಡಿ, ತಲೆಹಲಗೆಯ ಹಿಂದೆ ಟಾರ್ಚು ಬಿಡಿ, ಸೋಫಾದ ಮಡಿಕೆಯಲ್ಲಿ ಕಾರ್ಡು ಎಳೆಯಿರಿ. ಕರಿ ಬೊಟ್ಟು ಕಂಡರೆ ಕೋಣೆ ಬದಲಿಸಿ ಕೊಡಲು ಹೇಳಿ, ಪಕ್ಕದ್ದೋ ಮೇಲಿನದೋ ಕೆಳಗಿನದೋ ಆಗದೆ ದೂರದ ಕೋಣೆಯಾಗಲಿ. ಬಟ್ಟೆಯನ್ನು ಕಪಾಟಿಗೆ ಹರಡದೆ ಚೀಲದಲ್ಲೇ ಮುಚ್ಚಿಡಿ, ತೊಟ್ಟ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ.

ಮುಂಬಯಿಗೋ ತಿರುವನಂತಪುರಕ್ಕೋ ರಾತ್ರಿ ರೈಲಿನಲ್ಲಿ ಹೋಗುವಾಗ ಬರ್ತಿನ ರೆಕ್ಸಿನ್ ಹರಿದ ಜಾಗ ಮತ್ತು ಗೋಡೆಗೆ ತಾಗುವ ಅಂಚನ್ನು ನೋಡಿ, ದೊಡ್ಡ ಬಿಳಿ ಹಾಸನ್ನು ನಿಮ್ಮದೇ ಒಯ್ಯಿರಿ. ಬಿಳಿಯ ಮೇಲೆ ತಿಗಣೆ ಬೇಗ ಕಾಣುತ್ತದೆ. ಕಂಡರೆ 139ಕ್ಕೆ ಕರೆಮಾಡಿ ಬೋಗಿ, ಬರ್ತಿನ ಸಂಖ್ಯೆ ಹೇಳಿದರೆ ದೂರು ದಾಖಲಾಗುತ್ತದೆ. ಇಳಿಯುವ ಮೊದಲು ಹಾಸನ್ನು ಒಳಮುಖವಾಗಿ ಮಡಿಚಿ ಚೀಲದಲ್ಲಿ ಬಿಗಿಯಿರಿ.

ಗಲ್ಫಿನಲ್ಲಿ ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ ಹಾಕಿ ಹತ್ತಾರು ಮಂದಿ ಮಲಗುವಲ್ಲಿ ತಿಗಣೆ ಮಾಮೂಲು. ಅಲ್ಲಿಂದ ಹಗ್ಗ ಬಿಗಿದು ಬರುವ ರಟ್ಟಿನ ಪೆಟ್ಟಿಗೆ ಚಾವಡಿಗೆ ಬರಬಾರದು, ಮಕ್ಕಳು ಎಷ್ಟೇ ಆತುರಪಟ್ಟರೂ. ಅಂಗಳದಲ್ಲೇ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಕಂಬಳಿಗಳು ನೇರ ಕಪ್ಪು ಪ್ಲಾಸ್ಟಿಕ್ಕಿಗೆ ಮತ್ತು ಬಿಸಿಲಿಗೆ, ಬಟ್ಟೆ ಹಂಡೆಗೆ, ರಟ್ಟು ಅಲ್ಲೇ ಬೆಂಕಿಗೆ. ರಟ್ಟಿನ ಪದರದೊಳಗಿನ ಕೊಳವೆಗಳಲ್ಲಿ ಮೊಟ್ಟೆ ಇದ್ದರೆ ಹುಡುಕಿ ಮುಗಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಬಂದದ್ದಾದರೆ ಕಂಬಳಿಗಳನ್ನು ಎರಡು ಪದರದ ಚೀಲದಲ್ಲಿ ಮುಚ್ಚಿ, ಮೇಲೆ ತಾರೀಕು ಬರೆದು, ಬಿಸಿಲು ಬರುವವರೆಗೆ ಹಾಗೇ ಜಗಲಿಯಲ್ಲಿಡಿ. ಸೂಟ್‌ಕೇಸಿನ ಚಕ್ರದ ಗೂಡು ಮತ್ತು ಒಳಬಟ್ಟೆಯ ಜಿಪ್ಪಿನ ಅಂಚನ್ನು ಬ್ರಷ್ಷಿನಿಂದ ಉಜ್ಜಿ ಹಬೆ ಹಿಡಿದ ಮೇಲಷ್ಟೆ ಅದು ಒಳಗೆ ಬರಲಿ, ಆಗಲೂ ಮಂಚದ ಅಡಿಗೆ ತಳ್ಳದೆ ಬೇರೆ ಕೋಣೆಯ ಅಟ್ಟಕ್ಕೆ ಹಾಕಿ.